ಇಳಿಜಾರಿನ ದೂರವನ್ನು ಲೆಕ್ಕಕ್ಕೆ ಹಿಡಿಯಬಾರದು

ಸೈಕಲ್ ತುಳಿದು ಮೈ ಇಳಿಸಲು ಹೊರಟ ನೀಲಗಿರಿಯ ಓದುಗರು ಮಾಡಬಹುದಾದ ಸಾಮಾನ್ಯ ತಪ್ಪೆಂದರೆ, ಕ್ರಮಿಸಿದ ಕಿಲೋಮೀಟರುಗಳನ್ನೇ ಶ್ರಮದ ಅಳತೆಯೆಂದು ಭಾವಿಸುವುದು. ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳಲ್ಲಿ ಮಸಿನಗುಡಿಯತ್ತ ಇಳಿಯುವಾಗ ದಣಿಯುವುದು ಬ್ರೇಕ್ ಹಿಡಿದ ಬೆರಳುಗಳೇ ಹೊರತು ತೊಡೆಯ ಸ್ನಾಯುಗಳಲ್ಲ. ಆದ್ದರಿಂದ ದೂರವನ್ನು ಬಿಟ್ಟು, ಪೆಡಲ್ ತುಳಿದ ಹೊತ್ತನ್ನು ಲೆಕ್ಕಿಸುವುದು ಲೇಸು.

ಇದಕ್ಕಿಂತ ದೊಡ್ಡ ತಪ್ಪು ನಡೆಯುವುದು ಬೇಕರಿಯ ಮುಂದೆ. ಸುಮಾರು 70 ಕಿಲೋ ತೂಕದವರು ಮಧ್ಯಮ ವೇಗದಲ್ಲಿ ಒಂದು ಗಂಟೆ ತುಳಿದರೆ 400ರಿಂದ 550 ಕ್ಯಾಲೊರಿ, ಎಂದರೆ ಆಹಾರದಿಂದ ದೊರೆತ ಅಷ್ಟು ಶಕ್ತಿ, ವ್ಯಯವಾಗುತ್ತದೆ. ಆದರೆ ಚಳಿಗೆ ಹಸಿವು ಕೆರಳಿ, ಬೆರಳಿಗೆ ಜಿಡ್ಡು ಅಂಟಿಸುವ ಪದರು ಪದರಾದ ಊಟಿ ವರ್ಕಿಯನ್ನು ಸಕ್ಕರೆ ಚಹಾದಲ್ಲಿ ಅದ್ದಿ ಒಂದರ ಮೇಲೊಂದು ಮುಗಿಸಿದರೆ ಆ ಗಳಿಕೆ ಅಲ್ಲಿಯೇ ತೀರಿಹೋಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುವುದರಿಂದ, ವಾರದೊಳಗೆ ಸೊಂಟ ಸಣ್ಣಗಾಗಲಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ.

ಏರಿನಲ್ಲಿ ಭಾರದ ಗಿಯರ್ ಹಾಕಿ ತಿಣುಕಿದರೆ ಮಂಡಿಗಳು ನೋಯುತ್ತವೆ. ಹಗುರ ಗಿಯರ್‌ನಲ್ಲಿ, ಜೊತೆಯವರೊಡನೆ ಮಾತಾಡಲು ಉಸಿರು ಉಳಿಯುವಷ್ಟು ವೇಗದಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ತುಳಿಯುವುದು ಒಳ್ಳೆಯ ಆರಂಭ. ಚಳಿಯಲ್ಲಿ ಬಾಯಾರಿಕೆ ತಿಳಿಯದಿದ್ದರೂ ನೀರು ಕುಡಿಯುತ್ತಿರಬೇಕು. ಹೃದ್ರೋಗ, ರಕ್ತದೊತ್ತಡ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಮಸಿನಗುಡಿ, ಗೂಡಲೂರು ಕಡೆಯವರಂತೂ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಆನೆಗಳು ದಾಟುವ ಕಾಡುದಾರಿಗೆ ಸೈಕಲ್ ಇಳಿಸದೆ, ಬಿಸಿಲೇರಿದ ಮೇಲೆ ಊರೊಳಗಿನ ರಸ್ತೆಯಲ್ಲಿಯೇ ತುಳಿಯಬೇಕು.