ನಾಸಿಕದಿಂದ ಎಲ್ಲೋರದವರೆಗೆ



ಒಂದು ದಿನ ಇತಿಹಾಸದ ಪಾಠ ನಡೆದಿದ್ದಾಗ ಹುಡುಗನೊಬ್ಬನು ಎದ್ದು ನಿಂತು, “ಗುರುಗಳೇ, ಈ ಮಹಾರಾಷ್ಟ್ರದಲ್ಲಿ ನಾವು ಹೊರಗಿನವರೇ?” ಎಂದು ಕೇಳಿದನು. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಉತ್ತರವು ಅರ್ಧಕ್ಕೇ ನಿಂತಿತು. ಅದನ್ನು ಇಲ್ಲಿ ಪೂರ್ಣಗೊಳಿಸಲು ಯತ್ನಿಸುವೆನು. ವಾದದಿಂದಲ್ಲ, ಗೋದಾವರಿಯ ಸೀಮೆಯ ಎರಡು ನಗರಗಳಿಗೆ ನಿಮ್ಮನ್ನು ಕರೆದೊಯ್ಯುವುದರಿಂದ.

ಮೊದಲನೆಯದು ನಾಸಿಕ. ಊರಿಗೆ ಸುಮಾರು 30 ಕಿಲೋಮೀಟರು ದೂರದ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿದ ಗೋದಾವರಿಯು ಈ ನಗರದ ನಡುವೆ ಹರಿಯುತ್ತಾಳೆ. ವನವಾಸಕಾಲದಲ್ಲಿ ಶ್ರೀರಾಮನು ಇಲ್ಲಿಯ ಪಂಚವಟಿಯಲ್ಲಿ ನೆಲಸಿದ್ದನೆಂದೂ, ಲಕ್ಷ್ಮಣನು ಶೂರ್ಪನಖಿಯ ಮೂಗನ್ನು ಕೊಯ್ದುದರಿಂದ ಊರಿಗೆ ಈ ಹೆಸರು ಬಂದಿತೆಂದೂ ಜನರ ನಂಬಿಕೆ. ಹನ್ನೆರಡು ವರ್ಷಗಳಿಗೊಮ್ಮೆ ಕುಂಭಮೇಳಕ್ಕೆ ದೇಶದ ಎಲ್ಲ ಕಡೆಗಳಿಂದಲೂ ಯಾತ್ರಿಕರು ಬಂದು ಸೇರುತ್ತಾರೆ. ಪಂಚವಟಿಯ ಕಾಳಾರಾಮ ದೇವಾಲಯದ ಮುಂದೆ ನಿಂತಾಗ ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ಇದೇ ಊರಿನವರಾಗಿದ್ದೂ ಗುಡಿಯ ಹೊರಗೇ ನಿಲ್ಲಬೇಕಾಗಿದ್ದ ದಲಿತರ ಪ್ರವೇಶಕ್ಕಾಗಿ ಡಾ. ಅಂಬೇಡ್ಕರರು 1930ರ ಮಾರ್ಚ್ 2ರಂದು ಇಲ್ಲಿ ಸತ್ಯಾಗ್ರಹವನ್ನು ಆರಂಭಿಸಿದರು.

ನಗರದ ದಕ್ಷಿಣಕ್ಕೆ ತ್ರಿರಶ್ಮಿ ಬೆಟ್ಟದಲ್ಲಿ ‘ಪಾಂಡವಲೇಣಿ’ ಎಂಬ ಗುಹೆಗಳಿವೆ. ಹೆಸರು ಪಾಂಡವರದಾದರೂ ಇವು ಬೌದ್ಧ ಭಿಕ್ಷುಗಳ ವಸತಿಗಳು. ಸುಮಾರು 1900 ವರ್ಷಗಳ ಹಿಂದೆ ಇಲ್ಲಿ ಒಂದು ವಿಹಾರವನ್ನು ಕೊರೆಯಿಸಿದವನು ಶಕಕುಲದ ಉಷವದಾತ. ಅವನು 2000 ಕಾರ್ಷಾಪಣ ನಾಣ್ಯಗಳನ್ನು ಗೋವರ್ಧನವೆಂಬ ಊರಿನ ನೇಕಾರರ ಸಂಘದಲ್ಲಿ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿಗೆ ಇರಿಸಿದನೆಂದು ಗುಹೆಯ ಶಾಸನವು ಹೇಳುತ್ತದೆ. ನೀವೇ ಲೆಕ್ಕ ಹಾಕಿರಿ: ತಿಂಗಳಿಗೆ 20, ವರ್ಷಕ್ಕೆ 240. ಮಳೆಗಾಲದಲ್ಲಿ ಅಲ್ಲಿ ನೆಲಸುವ 20 ಮಂದಿ ಭಿಕ್ಷುಗಳ ವಸ್ತ್ರಕ್ಕಾಗಿ ತಲೆಗೆ 12ರಂತೆ ಕೊಟ್ಟರೆ ಲೆಕ್ಕವು ಸರಿಹೋಗುತ್ತದೆ! ಮೂಲಧನವು ಕರಗದಂತೆ ದಾನವನ್ನು ನಡೆಸುವ ಜಾಣ್ಮೆ ಅಂದಿನವರಿಗೆ ಚೆನ್ನಾಗಿ ತಿಳಿದಿತ್ತು. ಇನ್ನೊಂದು ಗುಹೆಯಲ್ಲಿ ಗೌತಮೀ ಬಲಶ್ರೀ ಎಂಬ ರಾಜಮಾತೆಯ ಶಾಸನವಿದೆ. ತಾಯಿಯ ಹೆಸರಿನಿಂದಲೇ ಗೌತಮೀಪುತ್ರನೆನಿಸಿದ ಶಾತಕರ್ಣಿಯ ಪರಾಕ್ರಮವನ್ನು ಅದು ವರ್ಣಿಸುತ್ತದೆ. ಈ ಶಾತವಾಹನರ ರಾಜಧಾನಿಯಾದ ಪೈಠಣವು ಇದೇ ಗೋದಾವರಿಯ ಕೆಳದಂಡೆಯಲ್ಲಿದೆ.

ಪೈಠಣದ ಉತ್ತರಕ್ಕೆ ಸುಮಾರು 50 ಕಿಲೋಮೀಟರು ದೂರದಲ್ಲಿ ನಮ್ಮ ಎರಡನೆಯ ನಗರ. ಅಬಿಸೀನಿಯದಿಂದ ಗುಲಾಮನಾಗಿ ತರಲ್ಪಟ್ಟು, ಅಹಮದನಗರ ರಾಜ್ಯದ ಮಂತ್ರಿಪದವಿಗೇರಿದ ಮಲಿಕ್ ಅಂಬರನು 1610ರಲ್ಲಿ ಖಡಕಿ ಎಂಬ ಹೆಸರಿನಿಂದ ಇದನ್ನು ಬೆಳೆಸಿ, ನೆಲದೊಳಗಿನ ಕಾಲುವೆಗಳಿಂದ ಊರಿಗೆ ನೀರು ತಂದನು. ಮುಂದೆ ಔರಂಗಾಬಾದವೆನಿಸಿ, 2023ರಿಂದ ಛತ್ರಪತಿ ಸಂಭಾಜಿನಗರವಾಗಿದೆ. 1956ರವರೆಗೆ ಇದೂ ನಮ್ಮ ಬೀದರ, ಕಲಬುರಗಿ, ರಾಯಚೂರುಗಳೂ ಒಂದೇ ಹೈದರಾಬಾದ ರಾಜ್ಯದಲ್ಲಿದ್ದವು.

ಇಲ್ಲಿಂದ ಸುಮಾರು 30 ಕಿಲೋಮೀಟರು ದೂರದಲ್ಲಿದೆ ಎಲ್ಲೋರ. ಮರಾಠಿಗರು ಇದನ್ನು ವೇರೂಳವೆನ್ನುವರು. ಇಲ್ಲಿಯ 34 ಗುಹೆಗಳಲ್ಲಿ 12 ಬೌದ್ಧರವು, 17 ಹಿಂದೂಗಳವು, 5 ಜೈನರವು. ಹದಿನಾರನೆಯದಾದ ಕೈಲಾಸ ದೇವಾಲಯವು ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು (ಸು. 756–773). ಕಲ್ಲಿನ ಮೇಲೆ ಕಲ್ಲಿಟ್ಟು ಇದನ್ನು ಕಟ್ಟಲಿಲ್ಲ; ಬೆಟ್ಟದಲ್ಲಿ ಆಳವಾದ ಕಂದಕಗಳನ್ನು ತೋಡಿ, ನಡುವೆ ಉಳಿದ ಬಂಡೆಯನ್ನು ಶಿಖರದಿಂದ ಬುಡದ ಕಡೆಗೆ ಕೆತ್ತುತ್ತ ಇಳಿದರು. ಕಟ್ಟುವವನು ಕೆಟ್ಟ ಕಲ್ಲನ್ನು ತೆಗೆದು ಬೇರೊಂದನ್ನು ಇಡಬಹುದು; ಕೆತ್ತುವವನ ಉಳಿ ತಪ್ಪಿದರೆ ತಿದ್ದಲು ಬೇರೆ ಕಲ್ಲಿಲ್ಲ. ಇದನ್ನು ಮುಗಿಸಿದ ಶಿಲ್ಪಿಯೇ ತನ್ನ ಕೃತಿಯನ್ನು ಕಂಡು ಬೆರಗಾದನೆಂದು ಬಡೋದೆಯಲ್ಲಿ ದೊರೆತ ತಾಮ್ರಶಾಸನವೊಂದು ತಿಳಿಸುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಂಡವರಿಗೆ ಇಲ್ಲಿ ಅದರ ಹೋಲಿಕೆಯು ಕಾಣದಿರದು. ಈ ಕೃಷ್ಣನ ಮರಿಮಗನೇ ಅಮೋಘವರ್ಷ ನೃಪತುಂಗ. ಅವನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವೇರಿ ಗೋದಾವರಿಗಳನ್ನು ಕನ್ನಡ ನಾಡಿನ ಎಲ್ಲೆಗಳೆಂದು ಹೇಳುತ್ತದೆ.

ಹಿಂದಿರುಗುವ ದಾರಿಯಲ್ಲಿ ದೇವಗಿರಿಯ ಕೋಟೆ. ಇದು ಸೇವುಣ ಯಾದವರ ರಾಜಧಾನಿ. ಆ ಅರಸರ ಶಾಸನಗಳು ಮರಾಠಿಯಲ್ಲಿಯೂ ಇವೆ, ಕನ್ನಡದಲ್ಲಿಯೂ ಇವೆ. ಅವರಲ್ಲಿ ರಾಮಚಂದ್ರನು ಆಳುತ್ತಿದ್ದಾಗಲೇ, 1290ರಲ್ಲಿ, ಮರಾಠಿಯ ‘ಜ್ಞಾನೇಶ್ವರಿ’ ರಚಿತವಾಯಿತು. ಎರಡು ಭಾಷೆಗಳು ಒಂದೇ ಸಿಂಹಾಸನದ ನೆರಳಿನಲ್ಲಿ ಬಾಳಿದುವು.

ಈಗ ಆ ಹುಡುಗನ ಪ್ರಶ್ನೆ. ದಾನಕೊಟ್ಟ ಉಷವದಾತನು ಶಕ, ನೀರು ತಂದ ಅಂಬರನು ಅಬಿಸೀನಿಯದವ, ಕೈಲಾಸವನ್ನು ಕೆತ್ತಿಸಿದವನು ಕನ್ನಡ ನಾಡಿನ ದೊರೆ. ಇವರನ್ನೆಲ್ಲ ಹೊರಗಿನವರೆಂದು ತೆಗೆದುಹಾಕಿದರೆ ಈ ನಗರಗಳಲ್ಲಿ ನೋಡುವುದಕ್ಕೇನು ಉಳಿದೀತು? ನೆಲವೆಲ್ಲ ನಮ್ಮದೇ ಎಂದು ಜಂಬ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಬಂದವರು ಏನನ್ನು ಮಾಡಿಹೋದರೆಂಬುದನ್ನೇ ನೆಲವು ನೆನಪಿಡುತ್ತದೆ. ಆದುದರಿಂದ ಮನೆಯ ಕನ್ನಡವನ್ನು ಬಿಡಬೇಡಿರಿ. ನೆರೆಯವರ ಮರಾಠಿಯನ್ನು ಚೆನ್ನಾಗಿ ಕಲಿಯಿರಿ.

ಚಳಿಗಾಲದ ರಜೆಯಲ್ಲಿ ತಂದೆತಾಯಿಗಳೊಡನೆ ಹೋಗಿ ನೋಡಿರಿ. ಮಂಗಳವಾರ ಎಲ್ಲೋರಕ್ಕೆ ರಜೆಯೆಂಬುದನ್ನು ಮರೆಯಬೇಡಿರಿ. ಕಲ್ಲಿನ ಮೇಲೆ ನಿಮ್ಮ ಹೆಸರನ್ನು ಗೀಚಬೇಡಿರಿ. ನಿಮ್ಮ ಹಿರಿಯರ ಹೆಸರು ಅಲ್ಲಿ ಆಗಲೇ ಉಂಟು.