ಒಂದು ಪರದೆ, ಎರಡು ಕಿಟಕಿ: ಟ್ಯಾಬ್‌ಗೆ ಸ್ಪ್ಲಿಟ್ ಸ್ಕ್ರೀನ್ ಬೇಕೇನು?

ಹೊಸ ಸೆಮಿಸ್ಟರ್ ಶುರುವಾಯ್ತು ಅಂದ್ರೆ ನಮ್ಮ ಹಾಸ್ಟೆಲ್ಲಿನಲ್ಲಿ ಒಂದು ಪ್ರಶ್ನೆ ಖಾಯಂ: "ಟ್ಯಾಬ್ ತಗೋಬೇಕು, ಯಾವುದು ತಗೊಳ್ಳಲಿ?" ಉತ್ತರವೂ ಖಾಯಂ: "ಸ್ಪ್ಲಿಟ್ ಸ್ಕ್ರೀನ್ ಛಲೋ ನಡೀತೈತಿ ಏನ್ ನೋಡ್ಕೊ." ಆ ಒಂದು ಮಾತಿಗಾಗಿ ದೊಡ್ಡ ಪರದೆ, ಹೆಚ್ಚು ರ‍್ಯಾಮ್ ಅಂತ ಬೆಲೆ ಏರುತ್ತಾ ಹೋಗುತ್ತದೆ. ಹುನಗುಂದದಲ್ಲೋ ಬಾದಾಮಿಯಲ್ಲೋ ಹೊಲ, ಮಗ್ಗ, ಅಂಗಡಿ ನಂಬಿದ ಮನೆಯಿಂದ ಬರುವ ದುಡ್ಡು ಅದು. ಹಂಗಾಗಿ ಕೊಳ್ಳುವ ಮೊದಲು ಈ ಸೌಲಭ್ಯ ನಮಗೆ ನಿಜವಾಗಿ ಎಷ್ಟು ಬೇಕು ಅಂತ ಒಮ್ಮೆ ಲೆಕ್ಕ ಹಾಕೋಣ.

ಯಂತ್ರದ ಕಡೆಯಿಂದ

ಮಲ್ಟಿಟಾಸ್ಕಿಂಗ್ ಅನ್ನೋದು ಮೂಲತಃ ಕಂಪ್ಯೂಟರಿನ ಮಾತು. ಆಪರೇಟಿಂಗ್ ಸಿಸ್ಟಮ್ ಕ್ಲಾಸಿನಲ್ಲಿ ಕಲಿತದ್ದೇ: ಪ್ರೊಸೆಸರಿನ ಒಂದು ಕೋರ್ ಒಂದು ಪ್ರೋಗ್ರಾಮನ್ನು ಕೆಲವು ಮಿಲಿಸೆಕೆಂಡ್ ಓಡಿಸಿ, ಅದರ ಸ್ಥಿತಿಯನ್ನು ಉಳಿಸಿಟ್ಟು, ಇನ್ನೊಂದನ್ನು ಎತ್ತಿಕೊಳ್ಳುತ್ತದೆ. ಇದೇ ಕಾಂಟೆಕ್ಸ್ಟ್ ಸ್ವಿಚ್. ಪ್ರತಿ ಸಲ ಬದಲಿಸುವುದಕ್ಕೂ ಒಂದಿಷ್ಟು ಸಮಯ ಖರ್ಚು.

ಟ್ಯಾಬ್ಲೆಟ್‌ಗಳಲ್ಲಿ ಎರಡು ಕಿಟಕಿ ಬಂದದ್ದು ನಿಧಾನಕ್ಕೆ. 2012ರಲ್ಲಿ ಸ್ಯಾಮ್ಸಂಗ್ ತನ್ನ ಗ್ಯಾಲಕ್ಸಿ ನೋಟ್ 10.1ರಲ್ಲಿ ಇದನ್ನು ಕೊಟ್ಟಿತು. 2015ರಲ್ಲಿ ಐಓಎಸ್ 9ರ ಜೊತೆ ಐಪ್ಯಾಡಿಗೆ ಬಂತು. ಅದೂ ಮೊದಲಿಗೆ 2 ಜಿಬಿ ರ‍್ಯಾಮ್ ಇದ್ದ ಐಪ್ಯಾಡ್ ಏರ್ 2ರಂಥ ಮಾದರಿಗಳಿಗೆ ಮಾತ್ರ. 2016ರ ಆಂಡ್ರಾಯ್ಡ್ 7 ಇದನ್ನು ಎಲ್ಲಾ ಕಂಪನಿಗಳಿಗೂ ಸಾಮಾನ್ಯ ಮಾಡಿತು. ಆದರೆ ಒಂದು ಮಜಾ ನೋಡ್ರಿ: ಆಂಡ್ರಾಯ್ಡ್ 9ರ ತನಕ ಎರಡು ಕಿಟಕಿ ಕಂಡರೂ ಸಾಮಾನ್ಯವಾಗಿ ನೀವು ಮುಟ್ಟಿದ ಆ್ಯಪ್ ಒಂದೇ ಪೂರ್ತಿ ಚಾಲೂ, ಇನ್ನೊಂದು 'ಪಾಸ್' ಸ್ಥಿತಿಯಲ್ಲಿ ಇರುತ್ತಿತ್ತು. ಎರಡೂ ಒಟ್ಟಿಗೆ ಚಾಲೂ ಇರಬಹುದು ಅಂತಾದದ್ದು 2019ರ ಆಂಡ್ರಾಯ್ಡ್ 10ರಿಂದ. ಇವತ್ತಿಗೂ ತೀರಾ ಕಡಿಮೆ ರ‍್ಯಾಮ್‌ನವು ಅಂತ ಗುರುತಿಸಿದ ಸಾಧನಗಳಲ್ಲಿ ಆಂಡ್ರಾಯ್ಡ್ ಈ ಸೌಲಭ್ಯವನ್ನೇ ಬಂದ್ ಇಡುತ್ತದೆ.

ಟ್ಯಾಬ್ ಇವತ್ತು ನಮ್ಮಲ್ಲಿ ಶೋಕಿಯ ವಸ್ತುವಾಗಿ ಉಳಿದಿಲ್ಲ. ಕೋವಿಡ್ ಕಾಲದಲ್ಲಿ, 2021ರ ಜೂನ್‌ನಲ್ಲಿ, ರಾಜ್ಯ ಸರ್ಕಾರವೇ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಯೋಜನೆ ಶುರು ಮಾಡಿತು. ಕೈಯಲ್ಲಿ ಟ್ಯಾಬ್ ಇದೆ. ಅದರಲ್ಲಿ ಓದುವ ರೀತಿ ಹೇಗಿರಬೇಕು ಅನ್ನೋದೇ ಈಗಿನ ಪ್ರಶ್ನೆ.

ಸ್ಕೇಲ್ ಹಿಡಿದು ನೋಡಿದರೆ

11 ಇಂಚಿನ, 16:10 ಅನುಪಾತದ ಪರದೆ ತಗೊಳ್ಳೋಣ. ಪೈಥಾಗೊರಸ್ ಹಾಕಿದರೆ ಅಗಲ ಸುಮಾರು 23.7 ಸೆಂ.ಮೀ., ಎತ್ತರ 14.8 ಸೆಂ.ಮೀ. ಅಡ್ಡ ಹಿಡಿದು ಎರಡು ಪಾಲು ಮಾಡಿದರೆ ಒಂದೊಂದು ಕಿಟಕಿಗೆ 11.8 ಸೆಂ.ಮೀ. ಅಗಲ. ನಮ್ಮ ನೋಟ್ಸ್ ಪಿಡಿಎಫ್ ಇರುವುದು ಎ4 ಅಳತೆಯಲ್ಲಿ, ಅಂದರೆ 21 ಸೆಂ.ಮೀ. ಅಗಲ. ಪುಟ 56 ಪ್ರತಿಶತಕ್ಕೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗಿಂತ ಚೂರು ಕಡಿಮೆ ಆಗುತ್ತದೆ. ಕಷ್ಟಪಟ್ಟು ಓದಬಹುದು.

ಅದೇ 8.7 ಇಂಚಿನ ಅಗ್ಗದ ಟ್ಯಾಬ್ ಆದರೆ ಅರ್ಧ ಕಿಟಕಿಗೆ ಸಿಗುವುದು ಸುಮಾರು 9.4 ಸೆಂ.ಮೀ. ಪುಟ 45 ಪ್ರತಿಶತ, ಅಕ್ಷರ 5.4 ಪಾಯಿಂಟ್. ಇಂಗ್ಲಿಷ್ ಹೆಂಗೋ ತಡ್ಕೊಂಡೀತು, ಕನ್ನಡದ ಒತ್ತಕ್ಷರ ಮಾತ್ರ ಮಸುಕಾಗಿ ಹೋಗುತ್ತದೆ. ದೊಡ್ಡದು ಮಾಡಿದರೆ ಸಾಲು ಸಾಲಿಗೂ ಆಚೆ-ಈಚೆ ಜಾರಿಸಬೇಕು. ಟೈಪ್ ಮಾಡಲು ಹೋದರೆ ಕೀಬೋರ್ಡ್ ಮೇಲೆದ್ದು ಕೆಳಗಿನ ಜಾಗವನ್ನೂ ನುಂಗುತ್ತದೆ. ಅಂದರೆ ಸಣ್ಣ ಟ್ಯಾಬಿನಲ್ಲಿ ಸ್ಪ್ಲಿಟ್ ಸ್ಕ್ರೀನ್ ಇದ್ದೂ ಇಲ್ಲದಂಗೆ.

ತಲೆಯ ಕಡೆಯಿಂದ

ಪರದೆ ಎರಡಾಯ್ತು, ಗಮನ ಎರಡಾಗುತ್ತದೆಯೇ? 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಓಫಿರ್, ನಾಸ್, ವ್ಯಾಗ್ನರ್ ಒಂದು ಅಧ್ಯಯನ ಪ್ರಕಟಿಸಿದರು. ಹಲವು ಮಾಧ್ಯಮಗಳನ್ನು ಒಟ್ಟಿಗೆ ಬಳಸುವ ರೂಢಿ ಹೆಚ್ಚಿದ್ದವರು ಬೇಡದ ವಿಷಯವನ್ನು ಬದಿಗೆ ಸರಿಸುವುದರಲ್ಲೂ, ಕೆಲಸದಿಂದ ಕೆಲಸಕ್ಕೆ ಬದಲಾಗುವುದರಲ್ಲೂ ಉಳಿದವರಿಗಿಂತ ಹಿಂದೆ ಬಿದ್ದಿದ್ದರು. ನಮ್ಮ ಅಷ್ಟಾವಧಾನವನ್ನೇ ನೋಡ್ರಿ. ಎಂಟು ಮಂದಿ ಪೃಚ್ಛಕರಿದ್ದರೂ ಅವಧಾನಿಗಳು ಸುತ್ತು ಸುತ್ತಾಗಿ, ಒಬ್ಬರಾದ ಮೇಲೆ ಒಬ್ಬರಿಗೆ ಉತ್ತರ ಕೊಡುತ್ತಾರೆ. ಬಿಟ್ಟ ಜಾಗ ನೆನಪಿಟ್ಟು ಅಲ್ಲಿಂದಲೇ ಎತ್ತಿಕೊಳ್ಳುವುದು ಅವರ ಸಾಧನೆ. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು.

ಇನ್ನೊಂದು ಮಗ್ಗುಲೂ ಇದೆ. ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದರೆ ಎರಡನ್ನೂ ಮನಸ್ಸಿನಲ್ಲೇ ಜೋಡಿಸುವ ಹೊರೆ ಕಲಿಯುವವರ ಮೇಲೆ ಬೀಳುತ್ತದೆ ಅಂತ ಚಾಂಡ್ಲರ್ ಮತ್ತು ಸ್ವೆಲ್ಲರ್ 1990ರ ದಶಕದ ಆರಂಭದಲ್ಲೇ ತೋರಿಸಿದ್ದರು. ಇದರಿಂದ ನಮಗೆ ಎರಡು ಪಾಠ. ಒಂದು: ಆ್ಯಪ್‌ನಿಂದ ಆ್ಯಪ್‌ಗೆ ಜಿಗಿದು ಅಂಕಿ ನೆನಪಿಡುವುದಕ್ಕಿಂತ ಎರಡನ್ನೂ ಅಕ್ಕಪಕ್ಕ ಇಡುವುದು ಹಗುರ. ಎರಡು: ಅಕ್ಕಪಕ್ಕಕ್ಕಿಂತ ಒಂದೇ ಕಡೆ ಇರುವುದು ಇನ್ನೂ ಹಗುರ. ಪಿಡಿಎಫ್‌ನ ಸರ್ಕ್ಯೂಟ್ ಚಿತ್ರದ ಮೇಲೆಯೇ ಪೆನ್ನಿನಿಂದ ಬರೆದರೆ ಮುಗೀತು, ಅದಕ್ಕೆ ಎರಡನೇ ಕಿಟಕಿ ಬೇಡ.

ಇಳಕಲ್ಲಿನ ಕೊಂಡಿ

ಹಂಗಾದ್ರೆ ಯಾವಾಗ ಬೇಕು? ಇದಕ್ಕೊಂದು ಅಳತೆಗೋಲು ನಮ್ಮ ಜಿಲ್ಲೆಯಲ್ಲೇ ಇದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿ, ಆಮೇಲೆ ನೇಯುತ್ತಾರೆ. ಕೊಂಡಿ ಇದ್ದರೆ ಎರಡೂ ಸೇರಿ ಒಂದು ಸೀರೆ. ಇಲ್ಲದಿದ್ದರೆ ಎರಡು ತುಂಡು ಬಟ್ಟೆ.

ಎರಡು ಕಿಟಕಿಗೂ ಇದೇ ಪರೀಕ್ಷೆ ಹಾಕ್ರಿ. ಎಡಕ್ಕೆ ಸ್ಟೀಲ್ ಟೇಬಲ್, ಬಲಕ್ಕೆ ಡಿಸೈನ್ ಲೆಕ್ಕ: ಕೊಂಡಿ ಐತಿ. ಎಡಕ್ಕೆ ಐಸಿಯ ಡೇಟಾಶೀಟ್, ಬಲಕ್ಕೆ ಸಿಮ್ಯುಲೇಶನ್: ಕೊಂಡಿ ಐತಿ. ಹಳೇ ವಿಟಿಯು ಪ್ರಶ್ನೆಪತ್ರಿಕೆ ಮತ್ತು ನಿಮ್ಮ ಉತ್ತರ: ಐತಿ. ಲೆಕ್ಚರ್ ವಿಡಿಯೋ ಮತ್ತು ಚಾಟ್? ಲೆಕ್ಚರ್ ಮತ್ತು ಕ್ರಿಕೆಟ್ ಸ್ಕೋರ್? ಅವೆರಡು ತುಂಡು ಬಟ್ಟೆ. ಲೆಕ್ಚರ್ ವಿಡಿಯೋ ಮತ್ತು ನೋಟ್ಸ್‌ಗೆ ಕೊಂಡಿ ಇದ್ದರೂ ಪಕ್ಕದಲ್ಲೊಂದು ಎರಡು ನೂರು ಪೇಜಿನ ನೋಟ್‌ಬುಕ್ ಸಾಕು. ಅದಕ್ಕೆ ಚಾರ್ಜಿಂಗೂ ಬೇಡ.

ತಗೊಳ್ಳೋರಿಗೆ ನಾಲ್ಕು ಮಾತು

ಒಂದು, ನಿಮ್ಮ ವಾರದ ಓದಿನಲ್ಲಿ ಕೊಂಡಿ ಇರುವ ಕೆಲಸ ಎಷ್ಟು ಗಂಟೆ ಅಂತ ಬರೆದು ನೋಡ್ರಿ. ಬಾದಾಮಿಯಿಂದ ರೈಲಿನಲ್ಲೋ ಇಳಕಲ್‌ನಿಂದ ಬಸ್ಸಿನಲ್ಲೋ ಬಾಗಲಕೋಟೆಗೆ ಓಡಾಡುತ್ತಾ ಓದುವುದೇ ಹೆಚ್ಚಾದರೆ ನಿಮಗೆ ಬೇಕಾದದ್ದು ಒಂದೇ ಕಿಟಕಿ, ಹಗುರ ಟ್ಯಾಬ್, ಛಲೋ ಬ್ಯಾಟರಿ.

ಎರಡು, ಕೊಂಡಿಯ ಕೆಲಸ ಜಾಸ್ತಿ ಇದ್ದರೆ 11 ಇಂಚಿಗೆ ಕಡಿಮೆ ತಗೋಬ್ಯಾಡ್ರಿ.

ಮೂರು, ಅಂಗಡಿಯಲ್ಲೇ ನಿಮ್ಮ ಪಿಡಿಎಫ್ ಮತ್ತು ನೋಟ್ಸ್ ಆ್ಯಪ್ ಎರಡನ್ನೂ ತೆರೆದು ಹತ್ತು ನಿಮಿಷ ಬಳಸಿ ನೋಡ್ರಿ. ಒಂದರಿಂದ ಇನ್ನೊಂದಕ್ಕೆ ಹೋದಾಗ ಆ್ಯಪ್ ಮತ್ತೆ ಮೊದಲಿಂದ ಲೋಡ್ ಆದರೆ ರ‍್ಯಾಮ್ ಸಾಲದು ಅಂತ ಅರ್ಥ.

ನಾಲ್ಕು, ಈಗಾಗಲೇ ಲ್ಯಾಪ್‌ಟಾಪ್ ಇದ್ದವರಿಗೆ ಎರಡನೇ ಕಿಟಕಿ ಅದೇ. ಟ್ಯಾಬಿನ ಮೇಲೆ ಹೆಚ್ಚಿನ ದುಡ್ಡು ಹಾಕುವ ಬದಲು ಒಂದು ಒಳ್ಳೆಯ ಪೆನ್ ತಗೊಳ್ರಿ.

ಒಟ್ಟಿನಲ್ಲಿ ಸ್ಪ್ಲಿಟ್ ಸ್ಕ್ರೀನ್ ಬೇಕು, ಆದರೆ ಎಲ್ಲರಿಗೂ ಅಲ್ಲ, ಎಲ್ಲಾ ಹೊತ್ತಿಗೂ ಅಲ್ಲ. ಮುಂದಿನ ಸಲ ಪರದೆ ಸೀಳುವಾಗ ಕೊಂಡಿ ಎಲ್ಲೈತಿ ಅಂತ ಕೇಳ್ಕೊಳ್ರಿ. ಉತ್ತರ ಸಿಗದಿದ್ದರೆ ಒಂದು ಕಿಟಕಿ ಮುಚ್ಚಿ, ಇನ್ನೊಂದನ್ನು ಪೂರ್ತಿ ತೆರೀರಿ.