ಕೋಣನ ಮೇಲೆ ಕಾಲಿಟ್ಟ ತಾಯಿ
(ಮಹಿಷಾಸುರಮರ್ದಿನಿಯ ಚಿತ್ರವನ್ನು ಓದುವುದು ಹೇಗೆ?)



ನಮ್ಮೆಲ್ಲರ ಮನೆಯ ಗೋಡೆಯ ಮೇಲೂ ಚಾಮುಂಡಿ ತಾಯಿಯ ಒಂದು ಪಟ ಇದ್ದೇ ಇರುತ್ತೆ. ದಿನಾ ಕೈ ಮುಗಿಯುತ್ತೇವೆ, ಆದರೆ ಸರಿಯಾಗಿ ನೋಡಿರುವುದಿಲ್ಲ. ನಾನೂ ನೋಡಿರಲಿಲ್ಲ. ಹೋದ ದಸರಾದಲ್ಲಿ ನನ್ನ ತಮ್ಮ ಅಜ್ಜಿಯನ್ನು ಒಂದು ಪ್ರಶ್ನೆ ಕೇಳಿದ: "ಅಜ್ಜಿ, ನಮ್ಮನೆ ಎಮ್ಮೆ ಹಾಲು ಕೊಡುತ್ತೆ. ಡೈರಿ ದುಡ್ಡಲ್ಲೇ ನಮಗೆ ಪುಸ್ತಕ, ಬಟ್ಟೆ. ಮತ್ತೆ ದೇವಿ ಯಾಕೆ ಕೋಣನ್ನ ಚುಚ್ತಾ ಇದ್ದಾಳೆ? ಅದೇನು ತಪ್ಪು ಮಾಡಿತ್ತು?"

ಅಜ್ಜಿ "ಹಂಗೆಲ್ಲ ಕೇಳಬಾರದು ಕಣೋ" ಅಂದರು. ಆದರೆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು. ನಮ್ಮ ಕನ್ನಡ ಮೇಷ್ಟ್ರನ್ನು ಕೇಳಿ, ಪುಸ್ತಕ ಓದಿ, ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಕಥೆ ಎಲ್ಲಿದೆ?

ಮಾರ್ಕಂಡೇಯ ಪುರಾಣದಲ್ಲಿ 'ದೇವೀ ಮಹಾತ್ಮೆ' ಎಂಬ ಭಾಗವಿದೆ. ಇದರಲ್ಲಿ 13 ಅಧ್ಯಾಯಗಳು. 700 ಮಂತ್ರಗಳೆಂದು ಎಣಿಸುವುದರಿಂದ 'ಸಪ್ತಶತಿ' ಎಂಬ ಹೆಸರೂ ಇದೆ. ನವರಾತ್ರಿಯಲ್ಲಿ ಪಾರಾಯಣ ಮಾಡುವುದು ಇದನ್ನೇ.

ಮಹಿಷಾಸುರ ದೇವತೆಗಳನ್ನು ಸೋಲಿಸಿ ಸ್ವರ್ಗದಿಂದ ಓಡಿಸಿದ. ಅವರು ಶಿವ, ವಿಷ್ಣುವಿನ ಬಳಿಗೆ ಬಂದು ಗೋಳು ಹೇಳಿಕೊಂಡರು. ಆಗ ಎಲ್ಲ ದೇವತೆಗಳ ಮೈಯಿಂದ ತೇಜಸ್ಸು ಹೊರಟು, ಒಂದೇ ಕಡೆ ಸೇರಿ, ಒಬ್ಬ ಹೆಣ್ಣಿನ ರೂಪ ತಾಳಿತು. ಅವಳೇ ದೇವಿ. ಒಬ್ಬೊಬ್ಬರಿಂದ ಆಗದ ಕೆಲಸ ಎಲ್ಲರ ಶಕ್ತಿ ಒಟ್ಟಾದಾಗ ಆಯಿತು. ಇದು ಚಿತ್ರದ ಮೊದಲನೇ ಪಾಠ.

ಯಾರು ಏನು ಕೊಟ್ಟರು?

ಶಿವ – ತ್ರಿಶೂಲ
ವಿಷ್ಣು – ಚಕ್ರ
ವರುಣ – ಶಂಖ, ಪಾಶ
ಅಗ್ನಿ – ಶಕ್ತಿ (ಈಟಿಯಂಥ ಆಯುಧ)
ವಾಯು – ಬಿಲ್ಲು, ಬತ್ತಳಿಕೆ
ಇಂದ್ರ – ವಜ್ರಾಯುಧ, ಐರಾವತದ ಗಂಟೆ
ಯಮ – ದಂಡ
ಕಾಲ – ಖಡ್ಗ, ಗುರಾಣಿ
ಬ್ರಹ್ಮ – ಕಮಂಡಲ
ವಿಶ್ವಕರ್ಮ – ಕೊಡಲಿ
ಹಿಮವಂತ – ಸಿಂಹ

ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಎಲ್ಲವೂ ಹೊಡೆಯುವ ಆಯುಧವಲ್ಲ. ಗಂಟೆ ಇದೆ, ನೀರಿನ ಕಮಂಡಲ ಇದೆ. ವಿಶ್ವಕರ್ಮ ದೇವಲೋಕದ ಶಿಲ್ಪಿ. ಅವನು ಕೊಟ್ಟದ್ದು ಕೊಡಲಿ. ಅದು ನಮ್ಮೂರ ಬಡಗಿಯ ಕೈಯಲ್ಲೂ ಇರುವ ವಸ್ತು. ಆಯುಧಪೂಜೆ ದಿನ ನಾವು ನೇಗಿಲು, ಕುಡುಗೋಲು, ಹೊಲಿಗೆ ಮಿಷನ್ನು, ಸೈಕಲ್ಲು ಎಲ್ಲವನ್ನೂ ತೊಳೆದು ಹೂವಿಡುತ್ತೇವಲ್ಲ, ಈ ಪಟ್ಟಿ ನೋಡಿದ ಮೇಲೆ ನನಗೆ ಅದರ ಅರ್ಥ ಹೊಳೆಯಿತು. ಅನ್ನ ಕೊಡುವ ಸಾಮಾನೂ ಆಯುಧವೇ.

ಕೋಣ ಎಂದರೆ ಯಾರು?

ಈಗ ತಮ್ಮನ ಪ್ರಶ್ನೆಗೆ ಬರೋಣ. ಯುದ್ಧದಲ್ಲಿ ಮಹಿಷ ಒಂದೇ ರೂಪದಲ್ಲಿ ಇರುವುದಿಲ್ಲ. ಮೊದಲು ಕೋಣ. ದೇವಿ ಪಾಶ ಹಾಕಿ ಕಟ್ಟಿದಾಗ ಸಿಂಹವಾಗುತ್ತಾನೆ. ಅದನ್ನು ಕಡಿದರೆ ಕತ್ತಿ ಹಿಡಿದ ಮನುಷ್ಯ. ಆಮೇಲೆ ಆನೆ. ಸೊಂಡಿಲು ಕತ್ತರಿಸಿದರೆ ಮತ್ತೆ ಕೋಣ. ಕೊನೆಗೆ ದೇವಿ ಅವನ ಕತ್ತಿನ ಮೇಲೆ ಕಾಲಿಟ್ಟು ಶೂಲದಿಂದ ತಿವಿದಾಗ, ಕೋಣನ ಬಾಯಿಂದ ಅರ್ಧ ಹೊರಗೆ ಬಂದ ಅಸುರನ ತಲೆಯನ್ನು ಖಡ್ಗದಿಂದ ಕತ್ತರಿಸುತ್ತಾಳೆ.

ಹಾಗಾದರೆ ಸತ್ತದ್ದು ಯಾರು? ಕೋಣದೊಳಗೆ ಅಡಗಿದ್ದವನು. ಸೊಕ್ಕು, ಸಿಟ್ಟು, ದುರಾಸೆ ಹೀಗೆಯೇ ವೇಷ ಬದಲಿಸುತ್ತವೆ. ಒಂದು ಕಡೆ ಬಿಟ್ಟೆವು ಅಂದುಕೊಂಡರೆ ಇನ್ನೊಂದು ಕಡೆ ತಲೆ ಎತ್ತುತ್ತವೆ. ಪಾಪದ ಪ್ರಾಣಿಯ ಮೇಲೆ ದೇವಿಗೆ ಸಿಟ್ಟಿಲ್ಲ. ಹಿಂದೆ ಎಷ್ಟೋ ಊರುಗಳ ಮಾರಿಹಬ್ಬದಲ್ಲಿ ಕೋಣ ಕಡಿಯುವುದಿತ್ತು. ನಮ್ಮ ರಾಜ್ಯದಲ್ಲಿ ದೇವಸ್ಥಾನಗಳ ಪ್ರಾಣಿಬಲಿಯನ್ನು ತಡೆಯಲು 1959ರಲ್ಲೇ ಕಾನೂನು ಬಂದಿದೆ. ಈಗ ಆಯುಧಪೂಜೆಗೆ ಬೂದುಗುಂಬಳಕಾಯಿಗೆ ಕುಂಕುಮ ಹಾಕಿ ಒಡೆಯುತ್ತೇವೆ. ಬಲಿ ಕೊಡಬೇಕಾದ್ದು ನಮ್ಮೊಳಗಿನ ಮಹಿಷನನ್ನು ಎಂದು ತಿಳಿದರೆ ಕುಂಬಳಕಾಯಿ ಸಾಕು.

ಇನ್ನೊಂದು ಮಾತು. ಮಹಿಷನನ್ನು ರಾಕ್ಷಸನೆಂದು ಒಪ್ಪದೆ, ಈ ನಾಡಿನ ಹಳೆಯ ಅರಸ ಎಂದು ಗೌರವಿಸುವವರೂ ಇದ್ದಾರೆ. ಮೈಸೂರು ಎಂಬ ಹೆಸರಿನಲ್ಲೇ ಮಹಿಷ ಇದ್ದಾನೆ. ಚಾಮುಂಡಿಬೆಟ್ಟದಲ್ಲಿ ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದು ನಿಂತ ಅವನ ದೊಡ್ಡ ಪ್ರತಿಮೆಯನ್ನು ಪ್ರವಾಸಕ್ಕೆ ಹೋದವರು ನೋಡಿರುತ್ತೀರಿ.

ಕಲ್ಲಿನಲ್ಲಿ, ಬೆಟ್ಟದಲ್ಲಿ, ದಸರಾದಲ್ಲಿ

ಬಾಗಲಕೋಟೆ ಜಿಲ್ಲೆಯ ಐಹೊಳೆಯ ದುರ್ಗದ ಗುಡಿಯಲ್ಲಿ ಚಾಲುಕ್ಯರ ಕಾಲದ ಮಹಿಷಮರ್ದಿನಿಯ ಶಿಲ್ಪವಿದೆ. (ಆ ಗುಡಿಗೆ ಹೆಸರು ಬಂದದ್ದು ದುರ್ಗಾದೇವಿಯಿಂದ ಅಲ್ಲ, ಪಕ್ಕದಲ್ಲಿದ್ದ ದುರ್ಗ ಅಂದರೆ ಕೋಟೆಯಿಂದ!) ಅಲ್ಲಿ ಮಹಿಷ ಪೂರ್ತಿ ಕೋಣನೇ. ತಮಿಳುನಾಡಿನ ಮಹಾಬಲಿಪುರದಲ್ಲಿ ಏಳನೇ ಶತಮಾನದ ಪಲ್ಲವರ ಶಿಲ್ಪದಲ್ಲಿ ಅವನಿಗೆ ಮನುಷ್ಯನ ಮೈ, ಕೋಣನ ತಲೆ. ಎದುರಿಗೆ ಸಿಂಹದ ಮೇಲೆ ಕುಳಿತ ದೇವಿ ಬಿಲ್ಲು ಹಿಡಿದಿದ್ದಾಳೆ. ಕಥೆ ಒಂದೇ, ಕೆತ್ತಿದವರ ಕಣ್ಣು ಬೇರೆ.

'ಚಾಮುಂಡಾ' ಎಂಬ ಹೆಸರು ಮಹಿಷನ ಕಥೆಯಲ್ಲಿ ಬರುವುದಿಲ್ಲ. ಮುಂದೆ ಶುಂಭ ನಿಶುಂಭರ ಕಥೆಯಲ್ಲಿ, ಚಂಡ ಮುಂಡರನ್ನು ಕೊಂದ ಕಾಳಿಗೆ ದೇವಿ ಕೊಟ್ಟ ಹೆಸರು ಅದು. ಮೈಸೂರಿನ ಬೆಟ್ಟದಲ್ಲಿ ಎರಡೂ ಒಂದಾಗಿ, ಮಹಿಷನನ್ನು ಕೊಂದವಳೇ ಚಾಮುಂಡೇಶ್ವರಿ ಆಗಿದ್ದಾಳೆ. ಬೆಟ್ಟಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ದಾರಿಯಲ್ಲಿ ಸಿಗುವ ಏಕಶಿಲೆಯ ನಂದಿ ದೊಡ್ಡದೇವರಾಜ ಒಡೆಯರ ಕಾಲದ್ದು.

ವಿಜಯನಗರದ ಅರಸರು ಮಾಡುತ್ತಿದ್ದ ನವರಾತ್ರಿ ಉತ್ಸವವನ್ನು ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ವಿಜಯದಶಮಿಯ ಮೆರವಣಿಗೆಯಲ್ಲಿ ಮೊದಲು ಅಂಬಾರಿಯೊಳಗೆ ಮಹಾರಾಜರು ಕೂರುತ್ತಿದ್ದರು. ರಾಜರ ಆಳ್ವಿಕೆ, ಪದವಿ ಎಲ್ಲ ಹೋದ ಮೇಲೆ, 1970ರ ದಶಕದಿಂದ, ಆ ಜಾಗದಲ್ಲಿ ಚಾಮುಂಡೇಶ್ವರಿಯ ವಿಗ್ರಹ ಕೂತಿದೆ. ಅಂಬಾರಿಯ ತೂಕ ಸುಮಾರು 750 ಕೆ.ಜಿ. ಅದೇ ದಿನ ನಮ್ಮೂರಲ್ಲಿ ಬನ್ನಿ ಮರಕ್ಕೆ ಪೂಜೆ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧ ಬಚ್ಚಿಟ್ಟದ್ದು ಬನ್ನಿ ಮರದಲ್ಲಿ.

ನನಗೆ ಬಹಳ ಹಿಡಿಸಿದ ಮಾತು

ದೇವೀ ಭಾಗವತದಲ್ಲಿ ಈ ಕಥೆಗೆ ಒಂದು ತಿರುವಿದೆ. ಮಹಿಷ ತಪಸ್ಸು ಮಾಡಿ ಬ್ರಹ್ಮನಲ್ಲಿ ಕೇಳಿಕೊಳ್ಳುವ ವರ ಹೀಗಿದೆ: ನನಗೆ ಗಂಡಸರಿಂದ ಸಾವು ಬರಬಾರದು, ಬಂದರೆ ಹೆಣ್ಣಿನಿಂದ ಬರಲಿ. ಯಾಕೆಂದರೆ ಅವಳು ಅಬಲೆ, ಅವಳಿಂದ ಏನಾದೀತು ಅಂತ ಅವನ ಲೆಕ್ಕ! ಆ ಲೆಕ್ಕವೇ ತಪ್ಪಾಯಿತು. ಅವನನ್ನು ಕೊಂದದ್ದು ತ್ರಿಶೂಲಕ್ಕಿಂತ ಮೊದಲು ಅವನ ಆ ಮಾತು ಅಂತ ನನಗೆ ಅನಿಸುತ್ತೆ.

ಇದನ್ನು ಓದುವಾಗ ನನಗೆ ಒಬ್ಬ ಗೆಳತಿ ನೆನಪಾದಳು. ಕಳೆದ ವರ್ಷ ನಮ್ಮ ತರಗತಿಯಲ್ಲಿ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಮುಂದೆ. ಈ ವರ್ಷ ಶಾಲೆಗೆ ಬರುತ್ತಿಲ್ಲ. ಹೆಣ್ಣು ಹುಡುಗಿ, ಇನ್ನು ಓದಿ ಏನು ಮಾಡಬೇಕು ಅಂತ ಮನೆಯಲ್ಲಿ ಬಿಡಿಸಿದರು. ಅವರ ಮನೆಯಲ್ಲೂ ದೇವಿಯ ಪಟ ಇದೆ. ಒಂಬತ್ತು ದಿನವೂ ದೀಪ ಹಚ್ಚುತ್ತಾರೆ.

ನಾನು ಯಾರನ್ನೂ ಬೈಯಲು ಇದನ್ನು ಬರೆದಿಲ್ಲ. ಎಲ್ಲ ದೇವತೆಗಳೂ ತಮ್ಮ ತಮ್ಮ ಆಯುಧವನ್ನು ಒಬ್ಬ ಹೆಣ್ಣಿನ ಕೈಗೆ ನಂಬಿ ಕೊಟ್ಟರು. ನಮ್ಮ ಊರಿನವರು ಅವಳ ಕೈಗೆ ಒಂದು ಪಾಟೀಚೀಲ ಕೊಡಬಹುದಲ್ಲವೇ? ಗುರುಗಳು ಒಂದು ಸಲ ಅವರ ಮನೆಗೆ ಹೋಗಿ ಮಾತಾಡಬೇಕೆಂದು ನಮ್ಮ ತರಗತಿಯ ಪರವಾಗಿ ಕೇಳಿಕೊಳ್ಳುತ್ತೇನೆ. ನಾವೂ ಜೊತೆಗೆ ಬರುತ್ತೇವೆ.

ಈ ಪುಟದ ಮೂಲೆಯಲ್ಲಿ ಅಂಟಿಸಿರುವ ಸಿಂಹದ ಚಿತ್ರ ನನ್ನದಲ್ಲ. ಹೋದ ವರ್ಷ ಅವಳು ಬರೆದದ್ದು.

ಉತ್ತರ ಹೇಳಿ ನೋಡೋಣ:
1. ದೇವಿಗೆ ಸಿಂಹವನ್ನು ಕೊಟ್ಟವರು ಯಾರು?
2. 'ಸಪ್ತಶತಿ' ಎಂಬ ಹೆಸರು ಯಾಕೆ ಬಂತು?
3. ನಿಮ್ಮ ಮನೆಯಲ್ಲಿ ಆಯುಧಪೂಜೆಗೆ ಇಡುವ ಸಾಮಾನುಗಳಲ್ಲಿ ಅಮ್ಮ ದಿನಾ ಬಳಸುವಂಥವು ಎಷ್ಟು? ಎಣಿಸಿ ಬರೆಯಿರಿ.

– ಒಂಬತ್ತನೇ ತರಗತಿಯ ವಿದ್ಯಾರ್ಥಿನಿ